ಅವಳ ನಾಯಿಗೆ ಎದ್ದ ಕುರು

ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಗೆ ಬಂದಾಗ ಆ ಮನೆಯಲ್ಲಿ ನನಗಿಂತ ಮೊದಲೇ ಇದ್ದವರು ಇಬ್ಬರು: ಯಜಮಾನರು ಮತ್ತು ಒಂದು ಕಂದು ನಾಯಿ. ನನ್ನನ್ನು ಕೊಟ್ಟದ್ದು ಎರಡನೇ ಸಂಬಂಧಕ್ಕೆ. ಅವರ ಮೊದಲ ಹೆಂಡತಿ ಜ್ವರ ಬಂದು ತೀರಿಕೊಂಡಿದ್ದಳು. ಜನ್ನಾಪುರದಲ್ಲಿ ಬಸ್ಸು ನಿಲ್ಲುವ ಕಡೆ ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದವಳು ಅವಳೇ.

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಹಾಗನ್ನುವವರು ಯಾರೂ ಎರಡನೇ ಸಂಬಂಧಕ್ಕೆ ಹೋದವರಲ್ಲ. ಬದುಕಿರುವ ಸವತಿಯಾದರೆ ಜಗಳವಾದರೂ ಆಡಬಹುದು. ಸತ್ತವಳು ಸಾರಿಗೆ ಉಪ್ಪು ಹೆಚ್ಚು ಮಾಡುವುದಿಲ್ಲ, ಮುಖ ಗಂಟು ಹಾಕಿಕೊಳ್ಳುವುದಿಲ್ಲ, ಮುದುಕಿಯೂ ಆಗುವುದಿಲ್ಲ. ಹಿರಿಯರ ಹಬ್ಬಕ್ಕೆ ಹೊಸ ಸೀರೆ ತಂದರೆ ಮೊದಲು ಅವಳ ಹೆಸರಿನಲ್ಲಿ ಎಡೆಯ ಮುಂದೆ ಇಡಬೇಕು, ಆಮೇಲೆ ನಾನು ಉಡಬೇಕು. ಮುತ್ತೈದೆಯಾಗಿ ಹೋದವಳಿಗೆ ಸಲ್ಲುವ ಮರ್ಯಾದೆ ಅದು, ಗೊತ್ತು. ಆದರೂ ಆ ಸೀರೆಯ ಸೆರಗು ಹೊದೆಯುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾಯಿಯೂ ಅವಳ ಪಕ್ಷವೇ. ನಾನು ಹಾಕಿದ ಅನ್ನವನ್ನು ಮೂಸಿ, ಬಿಟ್ಟು, ಬಾಗಿಲಲ್ಲಿ ಕೂರುತ್ತಿತ್ತು. ಕಾರ್ಖಾನೆಯ ಸೈರನ್ ಆಗಿ ಯಜಮಾನರು ಸೈಕಲ್ಲಿನಲ್ಲಿ ಬಂದು ಅದೇ ತಟ್ಟೆಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದರೆ ಗಬಗಬ ತಿನ್ನುತ್ತಿತ್ತು. ಅನ್ನ ಬೇಯಿಸಿದವಳು ನಾನು, ಬಾಲ ಅಲ್ಲಾಡಿಸುವುದು ಅವರಿಗೆ. ಅವರೋ, ನನ್ನನ್ನು ಊಟವಾಯಿತಾ ಎಂದು ಕೇಳುವ ಮೊದಲು ನಾಯಿಯ ತಲೆ ಸವರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಬೀದಿನಾಯಿಗಳ ಜೊತೆ ಕಚ್ಚಾಡಿ ಬಂತು. ಭುಜದ ಮೇಲೆ ಸಣ್ಣ ಹಲ್ಲಿನ ಗುರುತು, ಅಷ್ಟೇ. ನಾಲ್ಕು ದಿನ ಕಳೆಯುವುದರಲ್ಲಿ ಅಲ್ಲಿ ನಿಂಬೆಹಣ್ಣಿನಷ್ಟು ಕುರು ಎದ್ದು, ಮುಟ್ಟಿದರೆ ಕೆಂಡದ ಹಾಗೆ ಸುಡತೊಡಗಿತು. ಪಕ್ಕದ ಕ್ವಾರ್ಟರ್ಸಿನ ತಮಿಳಿನವರು ಹೇಳಿದಂತೆ ಈರುಳ್ಳಿ ಸುಟ್ಟು, ಅರಿಸಿನ ಕಲಸಿ ಪಟ್ಟು ಸಿದ್ಧ ಮಾಡಿದೆ. ಕಟ್ಟುವವರು ಯಾರು? ನನಗೆ ಹಲ್ಲು ತೋರಿಸಿತು. ಯಜಮಾನರು ಹಿಡಿಯಲು ಹೋದರೆ ಅವರ ಕೈಗೂ ಬಾಯಿ ಹಾಕಿತು. ಅವರನ್ನು ಕಚ್ಚಿದ್ದು ನೋಡಿ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಭದ್ರಾವತಿಯ ದನದ ಡಾಕ್ಟರು ರಜದ ಮೇಲೆ ಹೋಗಿದ್ದರು. ಯಜಮಾನರ ಗುರುತಿನವರ ಲಾರಿಯೊಂದು ಶಿವಮೊಗ್ಗಕ್ಕೆ ಹೊರಟಿತ್ತು. ನಾಯಿಯ ಬಾಯಿಗೆ ಟವೆಲ್ ಬಿಗಿದು, ಗೋಣಿಯಲ್ಲಿ ಸುತ್ತಿ ಹತ್ತಿಸಿದರು. ತೊಡೆಯ ಮೇಲಿಟ್ಟುಕೊಂಡವರು ಅವರು, ಕಾಲು ಹಿಡಿದವಳು ನಾನು. ನಮ್ಮ ತಾಯಿಯ ಬೀದಿಯ ಮುಂದೆಯೇ ಲಾರಿ ಹೋಯಿತು. ತವರು ಕಂಡು ಎಷ್ಟೋ ತಿಂಗಳಾಗಿತ್ತು. ಇಳಿಯುತ್ತೀಯಾ ಎಂದು ಒಂದು ಮಾತು ಅವರು ಕೇಳಲಿಲ್ಲ.

ದನದ ಆಸ್ಪತ್ರೆಯಲ್ಲಿ ಡಾಕ್ಟರು ಕೂದಲು ಬೋಳಿಸಿ ಕುರು ಕೊಯ್ದರು. ಒಂದು ಬಟ್ಟಲು ಕೀವು ಬಂತು. ಗಾಯದೊಳಕ್ಕೆ ಔಷಧಿಯ ಬಟ್ಟೆ ತುರುಕಿ ಹೇಳಿದರು:

"ದಿನಾ ಎರಡು ಸಲ ಉಪ್ಪಿನ ಬಿಸಿನೀರಲ್ಲಿ ತೊಳೀಬೇಕು. ಒಳಗಿಂದ ತುಂಬ್ಕೊಂಡು ಬರೋವರೆಗೂ ಬಾಯಿ ಮುಚ್ಕೊಳ್ಳೋಕೆ ಬಿಡಬೇಡಿ. ಮುಚ್ಕೊಂಡ್ರೆ ಮತ್ತೆ ಕೀವು ಕಟ್ಟುತ್ತೆ. ಈ ಸಲ ಮೈಯೆಲ್ಲ ನಂಜಾದ್ರೆ ನಾಯಿ ಉಳಿಯಲ್ಲ."

ಯಜಮಾನರು ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೆ, ಗಾಯ ಮುಟ್ಟಿದರೆ ನಾಯಿ ಅವರ ಕೈಗೂ ಬಾಯಿ ಹಾಕುತ್ತಿತ್ತು. ತೊಳೆಯುವವಳು ನಾನೇ ಆಗಬೇಕಿತ್ತು. ಮರುದಿನ ಬಿಸಿನೀರಿನ ಪಾತ್ರೆ ಹಿಡಿದು ಹತ್ತಿರ ಹೋದರೆ ನಾಯಿ ಮೂಲೆಗೆ ಸರಿದು ಗುರ್ ಎಂದಿತು. ಅವತ್ತು ಗಾಯ ತೊಳೆಯಲಾಗಲಿಲ್ಲ. ಸಂಜೆ ಅವರು ಬಂದು ನೋಡಿ, ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಹತ್ತಿ ಸೀರೆ ತಂದು ನನ್ನ ಮುಂದೆ ಇಟ್ಟರು. ಹಸಿರು ಚೌಕಳಿ, ಮಾಸಿದ್ದು. ಅವಳ ಬಟ್ಟೆಯನ್ನೆಲ್ಲ ಕೊಟ್ಟುಬಿಟ್ಟಿದ್ದಾರೆ ಎಂದು ನಾನು ನಂಬಿಕೊಂಡಿದ್ದೆ.

"ಇದನ್ನ ಉಟ್ಕೋತೀಯಾ? ವಾಸನೆ ಸಿಕ್ಕಿದ್ರೆ ಸುಮ್ನಿರುತ್ತೆ" ಎಂದರು, ಗೋಡೆ ನೋಡುತ್ತಾ.

"ಯಾಕೆ ಒಗೆದಿಲ್ಲ ಇದನ್ನ?"

ಅವರು ಸೀರೆಯ ಮಡಿಕೆ ಸರಿಮಾಡಿದರು.

"ನಾನು ಉಡಬೇಕಾಗಿರೋದು ನಾಯಿಗೋ, ನಿಮಗೋ?"

"ನಾಯಿಗೆ ಮಾರಾಯ್ತಿ. ಸತ್ತುಹೋಗುತ್ತೆ ಅದು."

ಉಡುವುದಿಲ್ಲ ಎಂದರೆ ನಾಯಿ ಸಾಯುತ್ತದೆ, ಅವಳದೆಂದು ಉಳಿದಿದ್ದ ಒಂದು ಜೀವವನ್ನೂ ನಾನೇ ಕೊಂದಂತಾಗುತ್ತದೆ. ಉಟ್ಟರೆ ನಾನು ಅವಳಾಗುತ್ತೇನೆ. ಹಲ್ಲು ಕಚ್ಚಿಕೊಂಡು ಉಟ್ಟೆ. ನಾಯಿ ಹತ್ತಿರ ಬಂದು ನೆರಿಗೆ ಮೂಸಿತು. ಕುಂಯ್ ಎಂದು ಮಗುವಿನ ಹಾಗೆ ಅತ್ತು, ನನ್ನ ಮಡಿಲಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿತು. ಗಾಯದ ಬಾಯಿ ಬಿಡಿಸಿ ನೀರು ಹೊಯ್ದಾಗ ಮೈ ನಡುಗಿತೇ ಹೊರತು ಕದಲಲಿಲ್ಲ. ಅಷ್ಟು ನಂಬಿಕೆ ನನ್ನ ಮೇಲಲ್ಲ ಎಂದು ತಿಳಿದೂ ನನ್ನ ಕೈ ಮೆತ್ತಗಾಯಿತು. ಅದಕ್ಕೂ ನನಗೆ ಸಿಟ್ಟು ಬಂತು.

ಗಾಯ ಕೆಂಪಗೆ ಒಳಗಿನಿಂದ ತುಂಬಿಕೊಂಡು ಬರುವವರೆಗೂ ದಿನಾ ಅದೇ ಸೀರೆ. ಕೀವು, ಅರಿಸಿನ, ಬೇವಿನೆಣ್ಣೆ ಎಲ್ಲ ಅದರ ಮೇಲೆಯೇ. ಸಂಜೆಯ ಹೊತ್ತಿನಲ್ಲಿ ಯಜಮಾನರು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು.

"ಯಾರನ್ನ ನೋಡ್ತಿದ್ದೀರಿ?" ಎಂದು ಬೇಕೆಂದೇ ಮುಖ ತಿರುಗಿಸಿ ಕೇಳುತ್ತಿದ್ದೆ.

"ಗಾಯಾನ" ಎನ್ನುತ್ತಿದ್ದರು.

ಕೊನೆಗೆ ಗಾಯ ಮಾಗಿ ಹೊಸ ಚರ್ಮ ಬಂತು. ಯಜಮಾನರಿಗೆ ರಜೆಯಿದ್ದ ಒಂದು ಬೆಳಿಗ್ಗೆ ನಾನು ನನ್ನದೇ ಸೀರೆಯಲ್ಲಿ ಅನ್ನ ಹಾಕಿದೆ. ನಾಯಿ ನನ್ನ ಮುಖ ನೋಡಿತು, ಸೈರನ್ನಿಗೆ ಕಾಯದೆ ತಿಂದಿತು. ಬೀದಿಯವರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು. ಒಳಗೆ ಹೋದರೆ ಯಜಮಾನರು ಟ್ರಂಕಿನ ಮುಂದೆ ಕುಳಿತಿದ್ದರು. ಹಸಿರು ಸೀರೆಯನ್ನು ಮಡಿಸುವ ಮೊದಲು ಮುಖಕ್ಕೆ ಒತ್ತಿಕೊಂಡರು. ಇನ್ನೊಂದು ಮಗ್ಗುಲು ತಿರುಗಿಸಿ ಮತ್ತೆ ಒತ್ತಿಕೊಂಡರು.

"ಏನೂ ಇಲ್ವಲ್ಲೇ" ಎಂದರು.

ಅದರಲ್ಲಿ ಬೇವಿನೆಣ್ಣೆ ಇತ್ತು, ಒಲೆಯ ಹೊಗೆ ಇತ್ತು, ನನ್ನ ಬೆವರಿತ್ತು. ಅವಳಿರಲಿಲ್ಲ. ಆ ಮನೆಗೆ ಬಂದಂದಿನಿಂದ ನಾನು ಬಯಸಿದ್ದು ಅದನ್ನೇ. ಅವರು ಸೀರೆಯೊಳಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಗೆದ್ದೆ ಅಂದುಕೊಂಡೇ ಬಾಗಿಲಲ್ಲಿ ನಿಂತಿದ್ದೆ. ನಿಂತಿದ್ದ ಹಾಗೆಯೇ ಇನ್ನೊಂದು ಕಿಚ್ಚು ಹತ್ತಿಕೊಂಡಿತು: ನಾನು ಸತ್ತರೆ ಇವರು ಹೀಗೆ ಅಳುತ್ತಾರೆಯೇ? ಅದನ್ನು ತಿಳಿಯುವ ಅವಕಾಶ ಅವರು ನನಗೆ ಕೊಡಲಿಲ್ಲ, ಮುಂಚೆಯೇ ಹೋಗಿಬಿಟ್ಟರು.

ಅವರ ಖಾಕಿ ಅಂಗಿಯೊಂದನ್ನು ಒಗೆಯದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೇನೆ. ಅವಳ ಹಸಿರು ಸೀರೆಯೂ ಇದೆ, ಬಿಸಾಡಿಲ್ಲ. ಆದರೆ ಅದು ಅಟ್ಟದ ಮೇಲೆ, ಬೇರೆ ಟ್ರಂಕಿನಲ್ಲಿದೆ.