ಅಡುಗೆಮನೆ ಬಾಗಿಲಿಗೆ ಕಾಣುವ ಟೀವಿ

ಎಲ್‌ಸಿಡಿ ಟೀವಿಗಳು ನಮ್ಮ ಕಡೆ ಆಗಷ್ಟೇ ಬರುತ್ತಿದ್ದ ಕಾಲ. ಕಾರವಾರದ ಹಬ್ಬುವಾಡದ ನಮ್ಮ ಮನೆಗೂ ದೊಡ್ಡ ಟೀವಿ ಬರಬೇಕೆಂದು ನಾನೇ ತೀರ್ಮಾನಿಸಿದೆ. ಆ ಒಂದು ತಿಂಗಳು ಕಚೇರಿಯಲ್ಲಿ ಫೈಲು ಮುಟ್ಟಿದ್ದಕ್ಕಿಂತ ಬಣ್ಣದ ಕರಪತ್ರ ಓದಿದ್ದೇ ಹೆಚ್ಚು. ಪ್ಲಾಸ್ಮಾದಲ್ಲಿ ಕಪ್ಪು ಎಂದರೆ ನಿಜವಾದ ಕಪ್ಪು. ಆದರೆ ಕರೆಂಟು ನುಂಗುತ್ತದೆ, ಅದರ ಗಾಜಿನಲ್ಲಿ ಎದುರಿನ ಕಿಟಕಿಯೇ ಕಾಣುತ್ತದೆ. ಎಲ್‌ಸಿಡಿಯೋ, ಹಗಲಲ್ಲೂ ಝಗಮಗ. ಕೇಳಿದವರಿಗೂ ಕೇಳದವರಿಗೂ ಇದನ್ನೇ ಹೇಳುತ್ತಿದ್ದೆ. ನಾನು ಬರುವುದನ್ನು ಕಂಡರೆ ಸಹೋದ್ಯೋಗಿಗಳು ಚಹಾದ ನೆಪ ಹೇಳಿ ಜಾಗ ಖಾಲಿ ಮಾಡುತ್ತಿದ್ದರು.

ಆಯಿಯದು, ಅಂದರೆ ನನ್ನ ತಾಯಿಯದು, ಒಂದೇ ಷರತ್ತು. ಅವಳು ಎಂದೂ ಹಾಲಿನ ಸೋಫಾದಲ್ಲಿ ಕುಳಿತವಳಲ್ಲ. ಸಂಜೆ, ಹಾಲಿನ ಪಕ್ಕದ ಗೋಡೆಗಿರುವ ಅಡುಗೆಮನೆಯ ಬಾಗಿಲಲ್ಲಿ ಈಳಿಗೆಮಣೆ ಇಟ್ಟುಕೊಂಡು, ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಧಾರಾವಾಹಿಯ ಮೇಲೆ ಇಟ್ಟು ಮೀನು ಹೆಚ್ಚುವುದು ಅವಳ ಪದ್ಧತಿ. ಇಡೀ ದಿನದಲ್ಲಿ ಅವಳ ಪಾಲಿಗೆ ಇದ್ದ ಸುಖ ಅದೊಂದೇ.

"ತಮಾ, ಎಷ್ಟ್ ದೊಡ್ಡದ್ ಬೇಕಾರೂ ತಕಂಬಾ. ನಾ ಕೂತಲ್ಲಿಂದ ಕಾಣ್ಬೇಕು, ಅಷ್ಟೇಯಾ."

"ಕಾಣೂದೇನು ಆಯಿ, ಕಣ್ಣಿಗೆ ಹೊಡೀತದೆ ನೋಡು," ಎಂದೆ.

ಟೀವಿ ಕೊಳ್ಳಲು ಅಂಕೋಲೆಗೆ ಹೋದೆವು. ಕಾರವಾರದಲ್ಲಿ ಅಂಗಡಿಗಳಿಲ್ಲವೆಂದಲ್ಲ, ಈ ಅಂಗಡಿಯವರು ಆಯಿಯ ತವರೂರು ಭಾವಿಕೇರಿಯವರು. ನಮ್ಮಲ್ಲಿ ಕಂಪನಿಯ ಗ್ಯಾರಂಟಿಗಿಂತ ಊರಿನ ಗ್ಯಾರಂಟಿ ದೊಡ್ಡದು. ಊರಿನ ಅಕ್ಕ ಬಂದಳೆಂದು ಅವರು ಕುರ್ಚಿ ಒರೆಸಿ, ಟೀವಿಗಳ ಎದುರಿಗೇ ತಂದು ಹಾಕಿದರು. ಆಯಿ ಕುರ್ಚಿ ಬಿಟ್ಟು, ಮನೆಯಲ್ಲಿ ಕೂರುವ ಹಾಗೆ ಪಕ್ಕದ ಗೋಡೆಯ ಬುಡದಲ್ಲಿ ಕೂರಲು ಹೊರಟಳು.

"ಅಕ್ಕಾ, ನೀವು ನೆಲದ್ ಮೇಲೆ ಕೂತ್ರೆ ನಾ ಊರಲ್ಲಿ ಮುಖ ತೋರ್ಸೂದು ಹೆಂಗೆ?" ಎಂದು ಅವರು ಅಡ್ಡ ಬಂದರು. ಮರ್ಯಾದೆ ತೆಗೆಯಬೇಡವೆಂದು ನಾನೂ ಕಣ್ಣಲ್ಲೇ ಗದರಿದೆ. ಆಯಿ ಕುರ್ಚಿಯ ತುದಿಯಲ್ಲಿ ಕುಳಿತು, ಕೊಟ್ಟ ಕೋಕಂ ಶರಬತ್ತು ಕುಡಿದು, ಎದುರಿಗಿದ್ದ ಪ್ಲಾಸ್ಮಾ, ಎಲ್‌ಸಿಡಿ ಎರಡೂ ಚಲೋ ಇವೆ ಎಂದಳು. ನಾನು ಎಲ್‌ಸಿಡಿಗೆ ಕೈ ತೋರಿಸಿದೆ.

ಟೀವಿ ಸೋಫಾದ ಎದುರಿನ ಗೋಡೆ ಏರಿತು. ನಾನು ಕಾಲು ಚಾಚಿ ಕುಳಿತು ದಿನಾ ಕೇಳುತ್ತಿದ್ದೆ, "ಹೆಂಗಿದೆ ಆಯಿ?" "ಚಲೋ ಅದೆ," ಎನ್ನುತ್ತಿದ್ದಳು. ಮೊದಲೆಲ್ಲ ಧಾರಾವಾಹಿಯ ಅತ್ತೆಯನ್ನು ಬಾಯಿ ತುಂಬ ಬಯ್ಯುತ್ತಿದ್ದವಳು ಈಗ ತೆಪ್ಪಗೆ ಮೀನು ಹೆಚ್ಚುತ್ತಿದ್ದಳು. ನನ್ನ ಆಯ್ಕೆಗೆ ಬೆರಗಾಗಿದ್ದಾಳೆ ಎಂದುಕೊಂಡೆ.

ಹದಿನೈದು ದಿನ ಕಳೆದು ಒಂದು ಭಾನುವಾರ, ಬುಟ್ಟಿ ತುಂಬ ಸಿಗಡಿ ಬಂತು. ಸುಲಿಯಲು ನಾನೂ ಅವಳ ಪಕ್ಕ ಕುಳಿತೆ. ತಲೆ ಎತ್ತಿ ನೋಡಿದರೆ ಟೀವಿಯಲ್ಲಿ ಎಲ್ಲರ ಮುಖಕ್ಕೂ ಸುಣ್ಣ ಬಳಿದ ಹಾಗಿತ್ತು. ಅತ್ತೆ ಯಾರು, ಸೊಸೆ ಯಾರು ತಿಳಿಯುತ್ತಿರಲಿಲ್ಲ. ಎದ್ದು ಸೋಫಾಕ್ಕೆ ಹೋದೆ, ಚಿತ್ರ ಸೊಗಸಾಗಿತ್ತು. ಬಾಗಿಲಿಗೆ ಬಂದೆ, ಮತ್ತೆ ಸುಣ್ಣ. ಸಿಗಡಿಯ ಕೈಯಲ್ಲೇ ನಾಲ್ಕು ಸಲ ಓಡಾಡಿದೆ. ಓರೆಯಿಂದ ನೋಡಿದರೆ ಎಲ್‌ಸಿಡಿಯ ಬಣ್ಣ ಮಾಸುತ್ತದೆ ಎಂಬ ಮಾತನ್ನು ಕರಪತ್ರದಲ್ಲಿ ಓದಿದ್ದೆ. ಓರೆಯಲ್ಲಿ ಕೂತು ಟೀವಿ ನೋಡುವವರು ಯಾರಿದ್ದಾರೆ ಎಂದು ಮುಂದೆ ಹೋಗಿದ್ದೆ.

"ಆಯಿ, ನಿಂಗೆ ದಿನಾ ಹಿಂಗೇ ಕಾಣ್ತಿತ್ತಾ? ಹೇಳೂಕೆ ಆಗ್ತಿರ್ಲಿಲ್ವಾ?"

ಅವಳ ಕೈ ನಿಂತಿತು. "ನಿಂಗೂ ಹಿಂಗೇ ಕಾಣ್ತದ್ಯಾ?"

"ಹೌದು."

"ನೀ ಅಷ್ಟೆಲ್ಲಾ ಓದಿ ತಂದದ್ದು. ನನ್ ಕಣ್ಣೇ ಹೋಯ್ತು ಅಂದ್ಕಂಡೆ. ಡಾಕ್ಟರ್ರ ಹತ್ರ ಹೋಗೂಕೂ ಹೆದ್ರಿ ಸುಮ್ನೆ ಕೂತೆ."

ನನಗೆ ನಾಚಿಕೆಯಾಯಿತು. ಕಣ್ಣು ಹೋಗುತ್ತದೆಂಬ ಭಯದಲ್ಲಿ ಅವಳು ಹದಿನೈದು ದಿನ ನನಗೆ ಮೀನು ಹೆಚ್ಚಿ ಹಾಕಿದ್ದಳು. ಕೈ ತೊಳೆದವನೇ ಟೀವಿಯನ್ನು ಗೋಡೆಯಿಂದ ಇಳಿಸಿ, ಮೇಜಿನ ಮೇಲಿಟ್ಟು, ಅಡುಗೆಮನೆಯ ಬಾಗಿಲಿಗೆ ನೇರವಾಗಿ ತಿರುಗಿಸಿದೆ. ಇನ್ನು ಮುಂದೆ ಸೋಫಾದ ಮೇಲೆ ಕೂತವರ ಪಾಲಿಗೆ ಸುಣ್ಣ.

ಆಯಿ ಐದು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಸಿಗಡಿ ಅಲ್ಲೇ ಬಿಟ್ಟು ಭಾವಿಕೇರಿಯ ತಂಗಿಗೆ ಫೋನು ಹಚ್ಚಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು: "ನನ್ ಕಣ್ಣಿಗೆ ಏನೂ ಆಗ್ಲಿಲ್ವೇ! ಪೊರೆ ಬಂದದ್ದು ಇವ ತಂದ ಟೀವಿಗೆ!"