ಬಾಲದ ಕಡೆಗೆ ಮುಖ ಮಾಡಿ ಕೂತವರು

ಅಟ್ಟದ ಮೇಲೆ ವರ್ಷ ಕಳೆದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ, ನೀರೆಲ್ಲ ಇಂಗಿ, ಕರಟದಿಂದ ಬಿಟ್ಟುಕೊಂಡ ಕೊಬ್ಬರಿ ಒಳಗೇ ಗುಡುಗುಡು ಉರುಳುತ್ತದೆ. ಆ ಸದ್ದು ಕೇಳಿಯೇ ಬೆಲೆ ಕಟ್ಟುತ್ತ, ಚೌಕಾಸಿ ಮಾಡುತ್ತ, ಚನ್ನರಾಯಪಟ್ಟಣದಲ್ಲಿ ಒಂದು ಅಂಗಡಿ, ಅದರ ಮೇಲೊಂದು ಮನೆ ಮಾಡಿಕೊಂಡವನು ನಾನು. ಒಡೆಯದೆಯೇ ಒಳಗಿನದನ್ನು ತಿಳಿಯುವ ವಿದ್ಯೆ ನನಗುಂಟೆಂದು ತುಸು ಜಂಬವೂ ಇತ್ತು, ಸ್ನೇಹಿತರೇ. ಜಿನನಾಥಪುರದ ಪದ್ಮಕ್ಕ ಅದನ್ನು ಇಳಿಸಿದರು.

ಪದ್ಮಕ್ಕ ನಿವೃತ್ತ ಶಿಕ್ಷಕಿ. ಅವರ ಮನೆಯ ಕೊಬ್ಬರಿಗೆ ಮೊದಲಿನಿಂದ ನಾನೇ ಗಿರಾಕಿ. ಅವರ ತಂದೆ ಮಹಾಯುದ್ಧದಲ್ಲಿ ಬರ್ಮಾದ ಮೇಲೆ ಹಾರಿದ ಬಾಂಬರ್ ವಿಮಾನದಲ್ಲಿದ್ದು, ಜೀವಸಹಿತ ಮರಳಿ, ಆಮೇಲೆ ಸಾಯುವ ತನಕ ಆ ಮಾತೆತ್ತಿದವರಲ್ಲ. ಇರುವೆ ಸಾಲು ಕಂಡರೆ ದಾಟಿ ಕಾಲಿಡುವ ಜೈನರ ಮನೆ. ದಶಲಕ್ಷಣ ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೂ ತಿಳಿಯದೆಯೂ ಮಾಡಿದ ತಪ್ಪಿಗೆಲ್ಲ ಕ್ಷಮೆ ಕೇಳುವುದು ಅವರಲ್ಲಿ ರೂಢಿ. ಹೋದ ವರ್ಷ ಆ ದಿನ ನನಗೂ ಕೈಮುಗಿದ ಪದ್ಮಕ್ಕ, ಕೈ ಇಳಿಸದೆಯೇ ನಿಂತರು.

"ನಂದೇನೋ ಆಯ್ತಪ್ಪ. ಅಪ್ಪಂದು ಉಳ್ಕೊಂಡೈತೆ. ಅವ್ರು ಬಾಂಬ್ ಹಾಕ್ದೋರೋ, ಸುಮ್ನೆ ಜೊತೇಲಿ ಹೋದೋರೋ, ಒಸಿ ವಿಚಾರಿಸ್ಕೊಡು. ಯಾರತ್ರ, ಏನಂತ ಕ್ಷಮೆ ಕೇಳ್ಲಿ ನಾನು? ನನಗೂ ವಯಸ್ಸಾಯ್ತು."

ಒಪ್ಪಿಕೊಂಡೆ. ಅಲೆದೆ. ಹೊಳೆನರಸೀಪುರ, ಅರಕಲಗೂಡು ಎಂದು ಹಳೆಯ ಸೈನಿಕರ ಮನೆಗಳನ್ನು ಹುಡುಕಿಕೊಂಡು ಹೋದರೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋಗಳು ನನ್ನನ್ನು ಬರಮಾಡಿಕೊಂಡವು. ನೀವೂ ಇಂಥ ಕೆಲಸಕ್ಕೆ ಇಳಿಯುವುದಾದರೆ ನನ್ನದೊಂದು ಬುದ್ಧಿಮಾತು: ಕಚೇರಿಗೆ ಊಟದ ಹೊತ್ತಿಗೆ ಮುಂಚೆ ಹೋಗಿ, ಅರ್ಜಿಯ ನಕಲು ಜೇಬಿನಲ್ಲಿರಲಿ, ಸಿಟ್ಟು ಮನೆಯಲ್ಲಿರಲಿ. ಸಂತೆಯಲ್ಲಿ ಎದುರಾಳಿಯ ಕಣ್ಣು ನೋಡಿ ದರ ಇಳಿಸಬಹುದು. ಸತ್ತವರೊಡನೆ ಚೌಕಾಸಿ ನಡೆಯುವುದಿಲ್ಲ. ಈ ಒಂದು ವರ್ಷದಲ್ಲಿ ನನಗಾದಷ್ಟು ಆಯಾಸ ಇಷ್ಟು ವರ್ಷಗಳ ಮಂಡಿ ವ್ಯಾಪಾರದಲ್ಲಿ ಆಗಿರಲಿಲ್ಲ.

ವಾಯುಪಡೆಯ ಕಚೇರಿಗೆ ಹಾಕಿದ್ದ ಅರ್ಜಿಗೆ ಕೊನೆಗೊಂದು ಉತ್ತರ ಬಂತು: ವಿಮಾನದ ಮಾದರಿ, ಅದರಲ್ಲಿ ಪದ್ಮಕ್ಕನ ತಂದೆಯದು ವೈರ್‌ಲೆಸ್ ಮತ್ತು ಬಂದೂಕಿನ ಕೆಲಸ, ಜೊತೆಗೆ, ಬಾಂಬ್ ಬಿದ್ದ ಬರ್ಮಾದ ಒಂದು ಊರಿನ ಹೆಸರು. ಹಾಸನದಲ್ಲಿರುವ, ವಾಯುಪಡೆಯಿಂದ ನಿವೃತ್ತರಾದ ಪರಿಚಯದವರೊಬ್ಬರಿಗೆ ತೋರಿಸಿದೆ.

"ಏನ್ ಯಜಮಾನ್ರೇ, ಕೊಬ್ರಿ ರೇಟ್ ಬಿಟ್ಟು ಬಾಂಬ್ ರೇಟ್ ವಿಚಾರಿಸ್ತಾ ಇದೀರಾ?" ಎಂದು ನಕ್ಕು, ಓದಿ, ನಗು ನಿಲ್ಲಿಸಿದರು. "ಇದು ಇಬ್ರೇ ಕೂರೋ ವಿಮಾನ. ಬಾಂಬ್ ಬಿಡೋದು ಮುಂದಿನ ಪೈಲಟ್ಟು. ಇವ್ರು ಹಿಂದೆ, ಬಾಲದ ಕಡೆ ಮುಖ ಮಾಡಿ ಕೂರೋರು."

"ಅಂದ್ರೆ ಇವ್ರ ಕೈವಾಡ ಇಲ್ಲ ಅನ್ನಿ."

"ಕೈವಾಡ ಇಲ್ಲ. ಆದ್ರೆ ಬಾಂಬ್ ಹಾಕಿ ವಿಮಾನ ಮೇಲೇಳೋವಾಗ ಪೈಲಟ್‌ಗೆ ಕಾಣೋದು ಬರೀ ಆಕಾಶ. ಕೆಳಗೆ ಏನಾಯ್ತು ಅಂತ ನೋಡೋರು ಇವ್ರೇ."

ಬಸ್ಸಿನಲ್ಲಿ ಮರಳುವಾಗ ಮನಸ್ಸು ತನ್ನ ಹಳೆಯ ಚಾಳಿಗೆ ಬಿತ್ತು. ಮೊದಲರ್ಧ ಹೇಳುವುದು, ಉಳಿದರ್ಧ ನುಂಗುವುದು; ಪದ್ಮಕ್ಕನಿಗೆ ನೆಮ್ಮದಿ, ನನಗೆ ಬಿಡುಗಡೆ. ಪಾಪವನ್ನು ತೂಕಕ್ಕಿಟ್ಟು ಪೈಲಟ್ಟಿಗಿಷ್ಟು, ವೈರ್‌ಲೆಸ್ಸಿನವನಿಗಿಷ್ಟು ಎಂದು ಪಾಲು ಮಾಡಬಹುದೆಂದೇ ನಂಬಿದ್ದೆ. ಆದರೆ ಮಾಡಿದವನು ನೋಡಲಿಲ್ಲ, ನೋಡಿದವನು ಮಾಡಲಿಲ್ಲ. ಭಾರವನ್ನು ಮಾತ್ರ ಮನೆಗೆ ಹೊತ್ತು ತಂದವನು ನೋಡಿದವನು. ಇದಕ್ಕೆ ಯಾವ ತಕ್ಕಡಿ?

ಈ ವರ್ಷದ ಪರ್ವ ಮುಗಿದ ದಿನ ಜಿನನಾಥಪುರಕ್ಕೆ ಹೋದೆ. "ಬಾಂಬ್ ಹಾಕಿದ್ದು ನಿಮ್ಮಪ್ಪ ಅಲ್ಲ ಕಣಕ್ಕಾ" ಎಂದೆ. ಪದ್ಮಕ್ಕನ ಮುಖ ಸಡಿಲಾಯಿತು. ಅಲ್ಲಿಗೇ ಎದ್ದುಬಿಡಬೇಕಿತ್ತು. ಅವರು ಬಿಡಲಿಲ್ಲ.

"ಮತ್ಯಾಕಪ್ಪ ಜೀವಮಾನವೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿದ್ರು?"

ಹೇಳಿಬಿಟ್ಟೆ. ಹಿಂದೆ ಕೂತಿದ್ದರು, ಎಲ್ಲವನ್ನೂ ನೋಡಿದರು.

ಪದ್ಮಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಾಂಬ್ ಬಿದ್ದ ಊರಿನ ಹೆಸರು ಕೇಳಿದರು. ಹೇಳಿದೆ. ನಾಲಿಗೆ ತಿರುಗದೆ ಮತ್ತೆ ಹೇಳಿಸಿಕೊಂಡರು.

"ಈಗ ಅಲ್ಲಿ ಜನ ಅವ್ರಾ?"

"ಅವ್ರೆ ಕಣಕ್ಕಾ. ಗದ್ದೆ ಮಾಡ್ಕೊಂಡು, ಸಂತೆ ಮಾಡ್ಕೊಂಡು ಅವ್ರೆ." ಮಗಳ ಫೋನಿನಲ್ಲಿ ಆ ಊರಿನ ಚಿತ್ರಗಳನ್ನು ನೋಡಿದ್ದೆ.

ಅವರು ಎದ್ದು ಜಗಲಿಗೆ ಬಂದು, "ಮೂಡ್ಲು ಕಡೆ ತಾನೆ?" ಎಂದು ಕೇಳಿ ತಿರುಗಿ ನಿಂತರು. ಕೈಮುಗಿದು, ಪಕ್ಕದ ಮನೆಯವರನ್ನು ಕರೆದಂತೆ ಆ ಊರಿನ ಹೆಸರು ಹಿಡಿದು, ಅಪ್ಪನ ಹೆಸರು ಹೇಳಿ, ಕ್ಷಮೆ ಕೇಳಿದರು. ಉತ್ತರ ಬರುವಷ್ಟು ಹೊತ್ತು ಕಾದರು.