ಸಿರಾದಲ್ಲಿ ಮಾತ್ರ ಕೆಡುತ್ತಿದ್ದ ಪ್ರೋಗ್ರಾಂ

ಗೆಳೆಯರೇ, ಎಂಬತ್ತರ ದಶಕದ ನನ್ನ ಬಗ್ ಒಂದು, ಅಂದರೆ ಪ್ರೋಗ್ರಾಮಿನ ದೋಷ, ಇವತ್ತು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿತ್ತು. ಆಗ ನಾನು ಇಲ್ಲಿ ಬರೆದ ಪ್ರೋಗ್ರಾಮನ್ನು ಫ್ಲಾಪಿಗೆ ಹಾಕಿ, ಖಾಸಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಿರಾ ಕಚೇರಿಗೆ ಕಳಿಸುತ್ತಿದ್ದೆ. ನನ್ನ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡಿದ್ದು ಅಲ್ಲಿಯ ಕಂಪ್ಯೂಟರಿನಲ್ಲಿ ಒಮ್ಮೆ ಓಡುತ್ತಿತ್ತು, ಒಮ್ಮೆ ಕೆಡುತ್ತಿತ್ತು. ತಿದ್ದಿ ತಿದ್ದಿ ಕೀಬೋರ್ಡ್ ಸವೆಯಿತೇ ಹೊರತು ಕಾರಣ ಸಿಗಲಿಲ್ಲ.

ಇವತ್ತು ಅದೇ ಕಂಡಕ್ಟರ್ ನಂಜಪ್ಪ ಎದುರಾದ. “ಆ ಫ್ಲಾಪಿ ಎಲ್ಲಿಡ್ತಿದ್ದೆ ಮಾರಾಯ?” ಎಂದೆ.

“ಟೇಪ್‌ರೆಕಾರ್ಡರ್ ಸ್ಪೀಕರ್ ಹಿಂದಕ್ಕೆ ಸಿಗಿಸ್ತಿದ್ದೆ ಸಾ. ಅಲ್ಲಿ ಅಲ್ಲಾಡ್ತಿರ್ಲಿಲ್ಲ.”

ಸ್ಪೀಕರಿನ ಅಯಸ್ಕಾಂತ ಫ್ಲಾಪಿಯಲ್ಲಿದ್ದುದನ್ನು ಅಳಿಸಿಬಿಡುತ್ತದೆ! “ಯಾವಾಗ್ಲೂ ಅಲ್ಲೇನಾ?”

“ಇಲ್ಲ ಸಾ, ನೀವು ‘ಬಲು ಜೋಪಾನ’ ಅಂದಾಗ ಮಾತ್ರ. ಬಾಕಿ ಸಲ ಸೀಟ್ ಕೆಳಕ್ಕೆ ಎಸ್ದುಬುಡ್ತಿದ್ದೆ.”